ಆಯ್ಕೆ ಏಳಾದರೆ ಸಾಲದು, ಪ್ರಶ್ನೆಯೇ ಬದಲಾಗಬೇಕು

ಲೈಬ್ರರಿ ಸರ್ವೆಯಲ್ಲಿ ಹೆಚ್ಚಿನವರು ಎಲ್ಲದಕ್ಕೂ ‘ಒಪ್ಪುತ್ತೇನೆ’ ಅಂತಲೇ ಟಿಕ್ ಹಾಕಿದ್ದಾರೆ, ಪ್ರತಿ ವಾಕ್ಯಕ್ಕೂ ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ಐದರ ಬದಲು ಏಳು ಆಯ್ಕೆ ಕೊಡಲೇ ಅಂತ ಕೇಳಿದ್ದೀರಿ. ಕೊಡಬಹುದು, ಆದರೆ ಈ ತೊಂದರೆ ಅದರಿಂದ ಹೋಗುವುದಿಲ್ಲ.

ಒಂದು ವಾಕ್ಯ ಕೊಟ್ಟು ಎಷ್ಟು ಒಪ್ಪುತ್ತೀರಿ ಅಂತ ಕೇಳುವ ಈ ಮಾದರಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ 1932ರಲ್ಲಿ ತಂದರು, ಇವತ್ತಿಗೂ ಎಲ್ಲ ಕಡೆ ಇದೆ. ತಯಾರಿಸುವುದು ಸುಲಭ ಅಲ್ವಾ! ಆದರೆ ಜನ ವಾಕ್ಯವನ್ನು ಅರ್ಧ ಓದಿ ಸುಮ್ನೆ ‘ಹೂಂ’ ಅಂದುಬಿಡುತ್ತಾರೆ. ‘ಪುಸ್ತಕ ಬೇಗ ಸಿಗುತ್ತದೆ, ಒಪ್ಪುತ್ತೀರಾ?’ ಅನ್ನುವ ಬದಲು ‘ಕೇಳಿದ ಪುಸ್ತಕ ಎಷ್ಟು ಬೇಗ ಸಿಗುತ್ತದೆ?’ ಅಂತ ಕೇಳಿ. ಆಯ್ಕೆಗಳು ತುಂಬಾ ಬೇಗ, ಬೇಗ, ಸುಮಾರು, ತಡವಾಗಿ, ತುಂಬಾ ತಡವಾಗಿ ಅಂತಿರಲಿ. ಇಲ್ಲಿ ತಲೆಯಾಡಿಸಲು ಏನೂ ಇಲ್ಲ, ಸ್ವಲ್ಪ ಯೋಚಿಸಲೇಬೇಕು. ಸರ್ವೆಯ ಅರ್ಧದಷ್ಟು ವಾಕ್ಯಗಳನ್ನು ‘ಇಲ್ಲ’ ಸೇರಿಸಿ ಉಲ್ಟಾ ಮಾಡಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಇಷ್ಟವಿಲ್ಲ. ಅವಸರದಲ್ಲಿ ಓದುವವರಿಗೆ ಆ ‘ಇಲ್ಲ’ ಕಣ್ಣಿಗೇ ಬೀಳುವುದಿಲ್ಲ.

ನಿಮ್ಮ ನಾಲ್ಕನೇ ಪ್ರಶ್ನೆ, ‘ಓದುವ ಕೋಣೆ ಶಾಂತವಾಗಿದೆ ಮತ್ತು ಸ್ವಚ್ಛವಾಗಿದೆ’. ಶಾಂತವಾಗಿದ್ದು ಕೊಳಕಾಗಿದ್ದರೆ ಏನು ಟಿಕ್ ಹಾಕುವುದು? ಎರಡಾಗಿ ಒಡೆಯಿರಿ.

ಎಲ್ಲರಿಗೂ ಕಳಿಸುವ ಮೊದಲು ನಾಲ್ಕೈದು ಜನರನ್ನು ಕೂರಿಸಿ, ಪ್ರತಿ ಪ್ರಶ್ನೆ ಓದಿದಾಗ ಮನಸ್ಸಿಗೆ ಬಂದಿದ್ದನ್ನು ಬಾಯಿಬಿಟ್ಟು ಹೇಳಲು ಹೇಳಿ. ನೀವು ನಡುವೆ ವಿವರಣೆ ಕೊಡಬೇಡಿ. ಎಲ್ಲಿ ತಡವರಿಸುತ್ತಾರೋ ಆ ಪ್ರಶ್ನೆ ತಿದ್ದಿ.

‘400 ಜನ ಸಾಕಾ’ ಅಂತಲೂ ಕೇಳಿದ್ದೀರಿ. ಸದಸ್ಯರ ಪೂರ್ತಿ ಪಟ್ಟಿಯಿಂದ ಲಾಟರಿ ಎತ್ತಿದ ಹಾಗೆ ಆರಿಸಿ, ಬಹುತೇಕ ಎಲ್ಲರೂ ಉತ್ತರಿಸಿದರೆ, ಶೇ. 95ರ ಭರವಸೆಯಲ್ಲಿ ಸುಮಾರು ಶೇ. 5 ಹೆಚ್ಚುಕಮ್ಮಿ ಬರುತ್ತದೆ. ಅಂದರೆ ಹೀಗೆ ನೂರು ಸಲ ಆರಿಸಿ ಕೇಳಿದರೆ ಸುಮಾರು 95 ಸಲ ನಿಮಗೆ ಸಿಗುವ ಶೇಕಡಾವಾರು ಎಲ್ಲ ಸದಸ್ಯರ ನಿಜವಾದ ಶೇಕಡಾವಾರಿಗಿಂತ ಐದು ಅಂಕದೊಳಗೇ ಆಚೀಚೆ ಇರುತ್ತದೆ. ಗ್ರೂಪಿಗೆ ಲಿಂಕ್ ಹಾಕಿ ಸಿಕ್ಕ 400ಕ್ಕೆ ಈ ಲೆಕ್ಕ ನಡೆಯುವುದಿಲ್ಲ. ವರದಿಯಲ್ಲಿ ಹೇಗೆ ಆರಿಸಿದಿರಿ ಅಂತ ನೇರವಾಗಿ ಬರೆದುಬಿಡಿ.