ರಿಸೀವರ್ ಹತ್ತಿರ ಯಾರೂ ಇರಲ್ಲ ಯಾಕೆ? ಸಿಯಾಟಲ್‌ಗೆ ಹೊಸದಾಗಿ ಬಂದವರಿಗೆ

ಸೋಮವಾರ ಆಫೀಸಿನಲ್ಲಿ ಎಲ್ಲರೂ ಈ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಸೀಹಾಕ್ಸ್ ಆಟದ ಮಾತೇ ಆಡುತ್ತಾರೆ, ತಲೆಬುಡ ತಿಳಿಯಲ್ಲ ಅಂದಿರಿ. ಚೆಂಡು ಹಿಡಿಯುವ ರಿಸೀವರ್‌ನ ಸುತ್ತ ಯಾರೂ ಇರಲ್ಲ, ಡಿಫೆಂಡರ್‌ಗಳು ಏನು ಮಾಡ್ತಿರ್ತಾರೆ ಅಂತಲೂ ಕೇಳಿದಿರಿ.

ಅವರು ಬೇಕೆಂದೇ ಜಾಗ ಬಿಟ್ಟಿರುತ್ತಾರೆ. ಅದು ಝೋನ್ ಕವರೇಜ್. ಒಬ್ಬೊಬ್ಬ ರಿಸೀವರ್‌ನ ಬೆನ್ನು ಹತ್ತುವ ಬದಲು ಮೈದಾನವನ್ನು ಹಂಚಿಕೊಂಡು ಕಾಯುತ್ತಾರೆ. ಕವರ್ 3 ಎಂಬ ಬಗೆಯಲ್ಲಿ ಮೂವರು ದೂರದ ಹಿಂಭಾಗ ಕಾಯುತ್ತಾರೆ, ನಾಲ್ವರು ಅವರ ಮುಂದೆ. ಉಳಿದ ನಾಲ್ವರು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುತ್ತಾರೆ. ಕ್ರಿಕೆಟ್‌ನಲ್ಲಿ ಬೌಂಡರಿ ಕಾಯ್ದು ಸಿಂಗಲ್ ಬಿಟ್ಟುಕೊಡುತ್ತಾರಲ್ವಾ, ಲೆಕ್ಕ ಅದೇ.

2014ರ ಫೆಬ್ರುವರಿಯ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ನೋಡಿ. ಡೆನ್ವರ್ ಆ ಸೀಸನ್‌ನಲ್ಲಿ 606 ಪಾಯಿಂಟ್ ಗಳಿಸಿ ದಾಖಲೆ ಮಾಡಿದ ತಂಡ. ಸಿಯಾಟಲ್ ವಿರುದ್ಧ ಅವರ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಎಸೆದದ್ದರಲ್ಲಿ 34 ಪಾಸ್ ಕೈಸೇರಿದವು. ಡಿಮೇರಿಯಸ್ ಥಾಮಸ್ ಒಬ್ಬರೇ 13 ಹಿಡಿದರು. ಆದರೂ ಸೋತದ್ದು 43-8ರಲ್ಲಿ! ಝೋನ್‌ನಲ್ಲಿ ಎಲ್ಲರ ಕಣ್ಣೂ ಕ್ವಾರ್ಟರ್‌ಬ್ಯಾಕ್ ಮೇಲಿರುತ್ತದೆ. ಚೆಂಡು ಹೊರಟ ಕೂಡಲೇ ಎಲ್ಲರೂ ಅತ್ತ ಓಡುತ್ತಾರೆ, ಹಿಡಿದವನನ್ನು ಅಲ್ಲೇ ಕೆಡವುತ್ತಾರೆ. ಎಸೆತ ಸ್ವಲ್ಪ ತಪ್ಪಿದರೂ ಅದು ಇವರ ಕೈಗೇ. ಅವತ್ತು ಮ್ಯಾನಿಂಗ್ ಎಸೆಯುವಾಗಲೇ ಸಿಯಾಟಲ್‌ನ ನುಗ್ಗುವ ನಾಲ್ವರಲ್ಲಿ ಒಬ್ಬರಾದ ಕ್ಲಿಫ್ ಏವ್ರಿಲ್ ಬಂದು ತಾಗಿದರು, ಚೆಂಡು ಅವರ ಜೊತೆಗಾರ ಮಾಲ್ಕಮ್ ಸ್ಮಿತ್ ಕೈಗೆ ಬಿತ್ತು, ಅವರು 69 ಗಜ ಓಡಿ ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದರು. ಇಷ್ಟು ಸೊಗಸಾದ ಡಿಫೆನ್ಸ್ ನಾನು ಬೇರೆ ನೋಡಿಲ್ಲ.

ಇದರ ದೌರ್ಬಲ್ಯವೂ ಅದೇ ತಂಡದಲ್ಲಿ ಕಾಣುತ್ತದೆ. ಒಬ್ಬರ ಜಾಗ ಮುಗಿದು ಇನ್ನೊಬ್ಬರದು ಶುರುವಾಗುವ ಕಡೆ ಸಂದು ಇದ್ದೇ ಇರುತ್ತದೆ. ಚುರುಕಾದ ರಿಸೀವರ್ ಅಲ್ಲಿಗೆ ಓಡಿ ಗಕ್ಕನೆ ನಿಲ್ಲುತ್ತಾನೆ. ಒಬ್ಬರು ಕಾಯುವ ಜಾಗಕ್ಕೆ ಇಬ್ಬರು ನುಗ್ಗಿದರೆ ಒಬ್ಬನನ್ನು ಬಿಡಲೇಬೇಕು. ನುಗ್ಗುವ ನಾಲ್ವರು ಬೇಗ ತಲುಪದಿದ್ದರೆ ಕ್ವಾರ್ಟರ್‌ಬ್ಯಾಕ್‌ಗೆ ಸಂದು ಹುಡುಕಲು ಪುರುಸೊತ್ತು ಸಿಗುತ್ತದೆ. 2015ರ ಸೂಪರ್ ಬೌಲ್‌ನಲ್ಲಿ ಏವ್ರಿಲ್ ತಲೆಗೆ ಪೆಟ್ಟಾಗಿ ಮೂರನೇ ಕ್ವಾರ್ಟರ್‌ನಲ್ಲಿ ಹೊರಹೋದರು. ಸಿಯಾಟಲ್ 24-14ರಿಂದ ಮುಂದಿತ್ತು. ಕೊನೆಯ ಕ್ವಾರ್ಟರ್‌ನಲ್ಲಿ ಎದುರಾಳಿ ನ್ಯೂ ಇಂಗ್ಲೆಂಡ್‌ನ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಸಣ್ಣ ಸಣ್ಣ ಪಾಸ್‌ಗಳಲ್ಲೇ ಮುಂದೆ ಸಾಗಿ 28-24ರಲ್ಲಿ ಗೆದ್ದರು. ಆ ಸೋಲು ಈ ಊರಿಗೆ ಇನ್ನೂ ನೋಯುತ್ತದೆ, ಸಹೋದ್ಯೋಗಿಗಳ ಹತ್ತಿರ ಸುಮ್ನೆ ಕೆಣಕಬೇಡಿ.

ಮುಂದಿನ ಭಾನುವಾರ ಒಂದು ಗಮನಿಸಿ. ಚೆಂಡನ್ನು ಆಟಕ್ಕೆ ಬಿಡುವ ಮುನ್ನ ಒಮ್ಮೊಮ್ಮೆ ಒಬ್ಬ ರಿಸೀವರ್ ಅಡ್ಡಕ್ಕೆ ಓಡುತ್ತಾನೆ. ಎದುರಿನ ಡಿಫೆಂಡರ್ ಅವನ ಹಿಂದೆಯೇ ಹೋದರೆ ಹೆಚ್ಚಾಗಿ ಮ್ಯಾನ್ ಕವರೇಜ್, ಅಂದರೆ ಒಬ್ಬೊಬ್ಬರ ಬೆನ್ನು ಹತ್ತುವ ಬಗೆ. ಹೋಗದೆ ಅಲ್ಲೇ ನಿಂತರೆ ಝೋನ್. ಕ್ವಾರ್ಟರ್‌ಬ್ಯಾಕ್ ನೋಡುತ್ತಿರುವುದೂ ಅದನ್ನೇ.