ಓದುಗರ ಪ್ರಶ್ನೆ: ಹೊಸ ಡಿವಿಆರ್ ಬಳಸುವ ಮುನ್ನ

ಪ್ರಶ್ನೆ: ಮನೆಯ ಭದ್ರತೆಗಾಗಿ ನಾಲ್ಕು ಕ್ಯಾಮೆರಾಗಳನ್ನೂ ಅವುಗಳ ದೃಶ್ಯಗಳನ್ನು ದಾಖಲಿಸಿಡುವ, ಅವುಗಳಿಗೆ ಹೊಂದುವ ಒಂದು ಡಿವಿಆರ್ ಪೆಟ್ಟಿಗೆಯನ್ನೂ ಕೊಂಡಿದ್ದೇನೆ. ಕೇಬಲ್‌ಗಳನ್ನು ಜೋಡಿಸಿ ಟಿವಿಗೆ ಸಂಪರ್ಕ ಕೊಟ್ಟಾಗ ನಾಲ್ಕೂ ಚಿತ್ರಗಳು ಸ್ಪಷ್ಟವಾಗಿ ಕಾಣುತ್ತಿವೆ. ಆದರೆ ಪೆಟ್ಟಿಗೆಯಿಂದ ಬರುವ ಬೀಪ್ ಸದ್ದು ನಿಲ್ಲುತ್ತಿಲ್ಲ. ಜೊತೆಗೆ ಬಂದ ಕೈಪಿಡಿಯಲ್ಲಿ ವಿವರಗಳು ತೀರಾ ಕಡಿಮೆ. ಇದನ್ನು ಹೀಗೆಯೇ ಬಳಸಲು ಆರಂಭಿಸಬಹುದೇ ಅಥವಾ ಅದಕ್ಕೂ ಮೊದಲು ಮಾಡಬೇಕಾದ ಸಿದ್ಧತೆಗಳು ಇವೆಯೇ? ದಯವಿಟ್ಟು ತಿಳಿಸಿ.

ಉತ್ತರ: ದಯವಿಟ್ಟು ಹೀಗೆಯೇ ಬಳಸಬೇಡಿ. ಪರದೆಯ ಮೇಲೆ ಚಿತ್ರ ಕಾಣುತ್ತಿರುವುದಕ್ಕೂ ಅದು ದಾಖಲಾಗುತ್ತಿರುವುದಕ್ಕೂ ಸಂಬಂಧವಿಲ್ಲ. ಹಾರ್ಡ್ ಡಿಸ್ಕ್ ಇಲ್ಲದಿದ್ದರೂ ಡಿವಿಆರ್ ಕ್ಯಾಮೆರಾಗಳ ನೇರ ಚಿತ್ರವನ್ನು ತೋರಿಸುತ್ತಲೇ ಇರುತ್ತದೆ. ನಿಮ್ಮ ಪೆಟ್ಟಿಗೆಯ ಬೀಪ್ ಸದ್ದು ಬಹುಮಟ್ಟಿಗೆ ಇದನ್ನೇ ಸೂಚಿಸುತ್ತಿದೆ: ಒಳಗೆ ಡಿಸ್ಕ್ ಇಲ್ಲ, ಇದ್ದರೂ ಅದರ ಕೇಬಲ್ ಸರಿಯಾಗಿ ಕೂತಿಲ್ಲ, ಇಲ್ಲವೇ ಡಿಸ್ಕ್ ಇನ್ನೂ ಫಾರ್ಮ್ಯಾಟ್ ಆಗಿಲ್ಲ, ಅಂದರೆ ದಾಖಲಿಸಲು ಅಣಿಯಾಗಿಲ್ಲ. ಸದ್ದಿನ ಕಾಟ ತಾಳಲಾರದೆ ಮೆನುವಿನಲ್ಲಿ ಎಚ್ಚರಿಕೆಯನ್ನೇ ಬಂದ್ ಮಾಡಿಬಿಡುವವರಿದ್ದಾರೆ. ಡಿಸ್ಕ್ ಮುಂದೆಂದೋ ಕೆಟ್ಟಾಗಲೂ ನಿಮಗೆ ತಿಳಿಸುವುದು ಅದೇ ಸದ್ದಾದ್ದರಿಂದ ಆ ಕೆಲಸಕ್ಕೆ ಕೈಹಾಕಬೇಡಿ.

ಅನೇಕ ಡಿವಿಆರ್‌ಗಳನ್ನು ಡಿಸ್ಕ್ ಇಲ್ಲದೆಯೇ ಮಾರುತ್ತಾರೆ. ಅದನ್ನು ಬೇರೆಯಾಗಿ ಕೊಳ್ಳುವುದಾದರೆ ಕಣ್ಗಾವಲಿಗೆಂದೇ ತಯಾರಾದ ಡಿಸ್ಕ್ ಕೇಳಿ ಪಡೆಯಿರಿ. ಸಾಮಾನ್ಯ ಕಂಪ್ಯೂಟರಿನ ಡಿಸ್ಕ್ ದಿನದ 24 ಗಂಟೆಯೂ ಬಿಡುವಿಲ್ಲದೆ ಬರೆಯುತ್ತಿರುವ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ. ವಿದ್ಯುತ್ ಸಂಪರ್ಕವನ್ನು ಪೂರ್ತಿ ತೆಗೆದ ಮೇಲೆಯೇ ಮುಚ್ಚಳ ಬಿಚ್ಚಿ, ಮಾಹಿತಿ ಸಾಗಿಸುವ ಸಾಟಾ ಕೇಬಲ್ ಮತ್ತು ವಿದ್ಯುತ್ ಕೇಬಲ್ ಎರಡನ್ನೂ ಜೋಡಿಸಿ, ಡಿಸ್ಕ್ ಅಲುಗಾಡದಂತೆ ತಳಭಾಗದ ಸ್ಕ್ರೂಗಳನ್ನು ಬಿಗಿಮಾಡಿ. ಯಂತ್ರವನ್ನು ಮತ್ತೆ ಚಾಲೂ ಮಾಡಿದ ಬಳಿಕ ಮೆನುವಿನ ಸ್ಟೋರೇಜ್ ವಿಭಾಗದಲ್ಲಿ ಡಿಸ್ಕ್ ಕಾಣುತ್ತಿದೆಯೇ ಎಂದು ನೋಡಿ, ಅಲ್ಲಿಂದಲೇ ಫಾರ್ಮ್ಯಾಟ್ ಮಾಡಬೇಕು. ಹಳೆಯ ಡಿಸ್ಕ್ ಹಾಕುವುದಾದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ಗಮನದಲ್ಲಿರಲಿ.

ಡಿಸ್ಕ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಒಂದು ಕ್ಯಾಮೆರಾದ ಬಿಟ್‌ರೇಟ್, ಅಂದರೆ ಅದು ಕಳಿಸುವ ಮಾಹಿತಿಯ ಪ್ರಮಾಣ, ಸೆಕೆಂಡಿಗೆ 2 ಮೆಗಾಬಿಟ್ ಎಂದಿಟ್ಟುಕೊಳ್ಳಿ. 8 ಬಿಟ್‌ಗೆ ಒಂದು ಬೈಟ್ ಆದ್ದರಿಂದ ಅದು ಸೆಕೆಂಡಿಗೆ 250 ಕಿಲೋಬೈಟ್. ದಿನದ 86,400 ಸೆಕೆಂಡುಗಳಿಂದ ಗುಣಿಸಿದರೆ ದಿನಕ್ಕೆ 21.6 ಜಿಬಿ. ನಾಲ್ಕು ಕ್ಯಾಮೆರಾಗಳಿಗೆ 86.4 ಜಿಬಿ ಆಗುವುದರಿಂದ 1 ಟಿಬಿ ಡಿಸ್ಕಿನಲ್ಲಿ ಹನ್ನೊಂದು ದಿನಗಳಿಗಿಂತ ತುಸು ಹೆಚ್ಚಿನ ದಾಖಲೆ ಮಾತ್ರ ಉಳಿಯುತ್ತದೆ. ಎರಡು ವಾರ ಊರಿಗೆ ಹೋಗಿ ಬರುವವರಿಗೆ ಇದು ಸಾಲದು. ಡಿವಿಆರ್ ಮತ್ತು ಅದರ ಆ್ಯಪ್ ಎರಡೂ ಎಚ್.265 ಸಂಕುಚನ ವಿಧಾನವನ್ನು ಬೆಂಬಲಿಸಿದರೆ ಎಚ್.264 ಬದಲು ಅದನ್ನೇ ಆರಿಸಿ, ಬಿಟ್‌ರೇಟನ್ನೂ ಅದಕ್ಕೆ ತಕ್ಕಂತೆ ಇಳಿಸಿ. ಹೆಚ್ಚುಕಡಿಮೆ ಅರ್ಧದಷ್ಟು ಜಾಗದಲ್ಲಿ ಅದೇ ಗುಣಮಟ್ಟದ ಚಿತ್ರ ಸಿಗುತ್ತದೆ. ಡಿಸ್ಕ್ ತುಂಬಿದಾಗ ಹಳೆಯದರ ಮೇಲೆ ಹೊಸದನ್ನು ಬರೆಯುವ ಓವರ್‌ರೈಟ್ ಆಯ್ಕೆ ಚಾಲೂ ಇದೆಯೇ ಎಂದೂ ಪರೀಕ್ಷಿಸಿ. ಅದು ಬಂದ್ ಆಗಿದ್ದರೆ ಡಿಸ್ಕ್ ತುಂಬಿದ ದಿನವೇ ದಾಖಲಾತಿ ನಿಂತುಹೋಗುತ್ತದೆ, ಆದರೆ ಪರದೆಯಲ್ಲಿ ಚಿತ್ರ ಮಾತ್ರ ಎಂದಿನಂತೆ ಬರುತ್ತಲೇ ಇರುತ್ತದೆ.

ದಾಖಲಾತಿ ಶುರುವಾಗುವ ಮುನ್ನವೇ ದಿನಾಂಕ, ಸಮಯ ಮತ್ತು ಕಾಲವಲಯವನ್ನು ಸರಿಪಡಿಸಿ. ಘಟನೆ ನಡೆದ ಗಂಟೆಯೇ ತಪ್ಪಾಗಿ ಮುದ್ರಿತವಾದ ವಿಡಿಯೊವನ್ನು ಸಾಕ್ಷ್ಯವಾಗಿ ಮುಂದಿಟ್ಟಾಗ ಅದರ ಮೇಲೆ ಪ್ರಶ್ನೆಗಳು ಏಳುತ್ತವೆ. ಗಡಿಯಾರವನ್ನು ಆಮೇಲೆ ಹಿಂದಕ್ಕೆ ತಿರುಗಿಸಿದರಂತೂ ಒಂದೇ ಸಮಯದ ಎರಡು ದಾಖಲೆಗಳು ಉಂಟಾಗಿ ಹುಡುಕುವುದೇ ಗೋಜಲಾಗುತ್ತದೆ. ಇಂಟರ್‌ನೆಟ್ ಇದ್ದರೆ ಎನ್‌ಟಿಪಿ ಆಯ್ಕೆಯನ್ನು ಚಾಲೂ ಮಾಡಿ, ಯಂತ್ರ ತಾನೇ ಸಮಯವನ್ನು ಹೊಂದಿಸಿಕೊಳ್ಳುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ಸಮಯ ತಪ್ಪುತ್ತಿದ್ದರೆ ಒಳಗಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ ಎಂದೇ ತಿಳಿಯಬಹುದು.

ಪಾಸ್‌ವರ್ಡ್ ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ನಾನು ಸೂಚಿಸಲಾರೆ. 2016ರಲ್ಲಿ ಹರಡಿದ ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟ ಡಿವಿಆರ್, ಕ್ಯಾಮೆರಾ ಮತ್ತು ರೂಟರ್‌ಗಳನ್ನು ಹುಡುಕಿ ವಶಪಡಿಸಿಕೊಂಡಿತು. ಅದರ ಬಳಿ ಇದ್ದದ್ದು ಸುಮಾರು 60 ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳ ಪಟ್ಟಿ ಮಾತ್ರ. ಅಷ್ಟರಿಂದಲೇ ಕಟ್ಟಿದ ಯಂತ್ರಗಳ ಪಡೆ ಆ ವರ್ಷದ ಅಕ್ಟೋಬರ್ 21ರಂದು ಜಾಲತಾಣಗಳ ಹೆಸರನ್ನು ಅವುಗಳ ಇಂಟರ್‌ನೆಟ್ ವಿಳಾಸಕ್ಕೆ ಜೋಡಿಸಿಕೊಡುವ ಡೈನ್ ಎಂಬ ಸಂಸ್ಥೆಯ ಮೇಲೆ ದಾಳಿ ಮಾಡಿದಾಗ ಅನೇಕ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ತೆರೆಯಲಿಲ್ಲ. ತಮ್ಮ ಮನೆಯ ಪೆಟ್ಟಿಗೆ ಇಂಥ ಕೆಲಸದಲ್ಲಿ ತೊಡಗಿದೆ ಎಂಬ ಸುಳಿವು ಬಹುತೇಕ ಮಾಲೀಕರಿಗೆ ಇರಲಿಲ್ಲ. ಆದ್ದರಿಂದ ಮೊದಲ ಬಾರಿ ಚಾಲೂ ಮಾಡಿದಾಗಲೇ ಉದ್ದನೆಯ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಕೊಡಿ. ಮರೆತಾಗ ನೆರವಾಗುವ ಇಮೇಲ್ ಮತ್ತು ಗುಟ್ಟಿನ ಪ್ರಶ್ನೆಗಳನ್ನು ಆಗಲೇ ತುಂಬಿಡಿ. ಬೇಸರದಿಂದ ಆ ಪುಟವನ್ನು ದಾಟಿಬಿಟ್ಟವರು ಮುಂದೆ ತಮ್ಮದೇ ಯಂತ್ರದ ಹೊರಗೆ ನಿಲ್ಲಬೇಕಾಗುತ್ತದೆ.

ಇಷ್ಟಾದ ಮೇಲೆ ಮೊದಲ ಕೆಲವು ದಿನ ನಾಲ್ಕೂ ಕ್ಯಾಮೆರಾಗಳನ್ನು ನಿರಂತರ ದಾಖಲಾತಿಯಲ್ಲಿಯೇ ಇಡಿ. ಚಲನೆ ಕಂಡಾಗ ಮಾತ್ರ ದಾಖಲಿಸುವ ವ್ಯವಸ್ಥೆ ಜಾಗ ಉಳಿಸುತ್ತದೆ ನಿಜ, ಆದರೆ ಗಾಳಿಗೆ ಅಲ್ಲಾಡುವ ಕೊಂಬೆಯನ್ನು ಹಿಡಿದು ಗೇಟಿನ ಬಳಿಯ ಮನುಷ್ಯನನ್ನು ಬಿಟ್ಟುಬಿಡದಂತೆ ಅದರ ಸೂಕ್ಷ್ಮತೆಯನ್ನು ಹೊಂದಿಸಲು ಸಮಯ ಬೇಕು. ಮಾರನೆಯ ದಿನ ಪ್ಲೇಬ್ಯಾಕ್ ತೆರೆದು, ಪ್ರತಿ ಕ್ಯಾಮೆರಾದಲ್ಲೂ ಹಗಲಿನ ಮತ್ತು ರಾತ್ರಿಯ ಒಂದೊಂದು ತುಣುಕನ್ನು ನೋಡಿ. ಒಂದು ತುಣುಕನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ಎಂದೂ ಪರೀಕ್ಷಿಸಿ. ಕೆಲವು ಡಿವಿಆರ್‌ಗಳ ಕಡತ ಅವುಗಳದೇ ಪ್ಲೇಯರ್‌ನಲ್ಲಲ್ಲದೆ ಬೇರೆಡೆ ತೆರೆಯುವುದಿಲ್ಲ. ಇದನ್ನು ಕಳ್ಳತನವಾದ ದಿನ ಕಲಿಯುವ ಪರಿಸ್ಥಿತಿ ಯಾರಿಗೂ ಬರಬಾರದು.

ಪ್ರಶ್ನೆ: ರಾತ್ರಿ ಟ್ಯೂಬ್‌ಲೈಟ್ ಹಾಕಿದಾಗ ನನ್ನ ಹೊಸ ಡಿವಿಆರ್ ಚಿತ್ರದಲ್ಲಿ ಅಡ್ಡಪಟ್ಟಿಗಳು ಉರುಳುತ್ತವೆ. ಕ್ಯಾಮೆರಾ ದೋಷವೇ?

ಉತ್ತರ: ಕ್ಯಾಮೆರಾ ಬದಲಿಸುವ ಮೊದಲು ವಿಡಿಯೊ ಮಾನಕವನ್ನು ನೋಡಿ. ವಿದ್ಯುತ್ ಪೂರೈಕೆ 50 ಹರ್ಟ್ಸ್ ಇರುವಲ್ಲಿ ಪಾಲ್, 60 ಹರ್ಟ್ಸ್ ಇರುವಲ್ಲಿ ಎನ್‌ಟಿಎಸ್‌ಸಿ ಆರಿಸಬೇಕು. ಎರಡೂ ಹೊಂದದಿದ್ದಾಗ ದೀಪದ ಮಿಡಿತಕ್ಕೂ ಕ್ಯಾಮೆರಾದ ಶಟರ್‌ಗೂ ತಾಳ ತಪ್ಪಿ ಇಂಥ ಪಟ್ಟಿಗಳು ಕಾಣುತ್ತವೆ. ಮಾನಕವನ್ನು ಡಿವಿಆರ್‌ನಲ್ಲೂ ಕ್ಯಾಮೆರಾದಲ್ಲೂ ಒಂದೇ ಆಗಿರಿಸಿ.

ಪ್ರಶ್ನೆ: ಹೊರಗಿನಿಂದ ಮೊಬೈಲಿನಲ್ಲಿ ನೋಡಲು ರೂಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆಯಬೇಕು ಎನ್ನುತ್ತಾರೆ. ಅದು ಸುರಕ್ಷಿತವೇ?

ಉತ್ತರ: ತೆರೆದ ಪೋರ್ಟನ್ನು ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ತಟ್ಟಿ ನೋಡಬಹುದಾದ್ದರಿಂದ ಮನೆಬಳಕೆಗೆ ನಾನು ಆ ದಾರಿಯನ್ನು ಸೂಚಿಸುವುದಿಲ್ಲ. ತಯಾರಕರ ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸೇರಿಸುವ ವಿಧಾನ ಸಾಕಾಗುತ್ತದೆ. ಮನೆಯ ಜಾಲಕ್ಕೆ ಗೂಢಲಿಪಿಯ ಖಾಸಗಿ ದಾರಿಯಾದ ವಿಪಿಎನ್ ವ್ಯವಸ್ಥೆ ಮಾಡಿಕೊಳ್ಳಬಲ್ಲವರಿಗೆ ಅದು ಇನ್ನೂ ಒಳ್ಳೆಯದು. ಅದಕ್ಕೆ ಮೊದಲು ಡಿವಿಆರ್ ಅನ್ನು ನಡೆಸುವ ಒಳಗಿನ ತಂತ್ರಾಂಶವಾದ ಫರ್ಮ್‌ವೇರ್ ಅನ್ನು ಇತ್ತೀಚಿನ ಆವೃತ್ತಿಗೆ ಏರಿಸಿ. ಆ ಕೆಲಸ ನಡೆಯುತ್ತಿರುವಾಗ ಕರೆಂಟು ಹೋದರೆ ಯಂತ್ರವೇ ನಿರುಪಯುಕ್ತವಾಗುವ ಅಪಾಯವಿರುವುದರಿಂದ ಯುಪಿಎಸ್‌ಗೆ ಜೋಡಿಸಿಕೊಂಡೇ ಮಾಡಿ.