ಪದ–ಪದಾರ್ಥ: ಕ್ಯಾಟಪಲ್ಟ್ ಅಂದರೆ ಕವಣೆಯೇ?

ಪ್ರಶ್ನೆ: ಮಗಳ ಇಂಗ್ಲಿಷ್ ಪಾಠದ ಹುಡುಗನ ಕೈಯಲ್ಲಿ ಕ್ಯಾಟಪಲ್ಟ್ ಇದೆ. ಚರಿತ್ರೆಯಲ್ಲಿ ಕೋಟೆಗೆ ಹೊಡೆಯುವುದೂ ಕ್ಯಾಟಪಲ್ಟ್, ಪೇಪರಿನಲ್ಲಿ ಹಡಗಿನಿಂದ ವಿಮಾನ ಹಾರಿಸುವುದೂ ಕ್ಯಾಟಪಲ್ಟ್. ಮೂರಕ್ಕೂ ‘ಕವಣೆ’ ಎನ್ನಬಹುದೇ?
– ಓದುಗರು, ಬ್ರಹ್ಮಾವರ

ಉತ್ತರ: ಒಂದಕ್ಕೂ ಬೇಡ. ಕವಣೆಗೆ ರಬ್ಬರೂ ಇಲ್ಲ, ಕವಲುಕೋಲೂ ಇಲ್ಲ. ಹಗ್ಗದ ನಡುವೆ ಅಂಗೈಯಗಲದ ತೊಟ್ಟಿಲು, ಅದರಲ್ಲಿ ಕಲ್ಲು. ಒಂದು ತುದಿಯ ಕುಣಿಕೆ ಬೆರಳಿಗೆ ಸಿಕ್ಕಿರುತ್ತದೆ, ಇನ್ನೊಂದು ತುದಿಯನ್ನು ಹೆಬ್ಬೆರಳು ಒತ್ತಿ ಹಿಡಿದಿರುತ್ತದೆ; ಬೀಸಿ ಹೆಬ್ಬೆರಳು ಸಡಿಲಿಸಿದರೆ ಕಲ್ಲು ಹೋಯಿತು. ಘಟ್ಟದ ಮೇಲೆ ಜೋಳದ ಹೊಲ ಕಾಯುವವರು ಹಕ್ಕಿ ಓಡಿಸುತ್ತಿದ್ದುದು ಇದರಿಂದ. ಇಂಗ್ಲಿಷಿನಲ್ಲಿ ಅದು ಸ್ಲಿಂಗ್.

ಪಾಠದ ಹುಡುಗನ ಕೈಯಲ್ಲಿರುವುದು ಕ್ಯಾಟರ್‌ಬಿಲ್ಲು. ಇಂಗ್ಲಿಷ್ ಪದವೇ ನಮ್ಮ ಬಾಯಲ್ಲಿ ಸವೆದು, ಕೊನೆಯ ‘ಪಲ್ಟ್’ ಬಿಲ್ಲಾಗಿ ಕೂತಿದೆ. ಚೆಂದದ ಪದ, ಸಂಕೋಚವಿಲ್ಲದೆ ಬರೆಯಿರಿ. ಅಮೆರಿಕದ ಪುಸ್ತಕದಲ್ಲಾದರೆ ಇದೇ ಸ್ಲಿಂಗ್‌ಶಾಟ್. ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದ ರಬ್ಬರಿಗೆ ಪೇಟೆಂಟ್ ಪಡೆದದ್ದು 1844ರಲ್ಲಿ. ಅಂಥ ರಬ್ಬರ್ ಬಂದ ಮೇಲಿನ ಆಟಿಕೆ ಇದು. ರಾಜರ ಕಾಲದ ಕಥೆಯಲ್ಲಿ ಹುಡುಗನಿಗೆ ಕ್ಯಾಟರ್‌ಬಿಲ್ಲು ಕೊಡಬೇಡಿ, ಅಲ್ಲಿ ಕವಣೆಯೇ ಸರಿ.

ಕೋಟೆಯದು ಗ್ರೀಕರ ಯಂತ್ರ, ಹೆಸರೂ ಗ್ರೀಕ್ ಮೂಲದ್ದೇ. ತಿರುಚಿದ ನರದ ಇಲ್ಲವೇ ಕೂದಲಿನ ಹುರಿ ಅದಕ್ಕೆ ಬಲ ಕೊಡುತ್ತಿತ್ತು. ತಮಾಷೆಯೆಂದರೆ, ರೋಮನ್ನರು ಮೊದಮೊದಲು ಕ್ಯಾಟಪಲ್ಟ ಎಂದದ್ದು ಬಾಣ ಬಿಡುವ ಯಂತ್ರಕ್ಕೆ, ಕಲ್ಲೆಸೆಯುವುದು ಬಲ್ಲಿಸ್ಟ. ಶಾಲೆಯ ಮಟ್ಟಿಗೆ ‘ಕಲ್ಲೆಸೆಯುವ ಯಂತ್ರ’ ಸಾಕು.

ಹಡಗಿನದನ್ನು ಕ್ಯಾಟಪಲ್ಟ್ ಎಂದೇ ಉಳಿಸಿ. ಡೆಕ್ಕಿನ ಅಡಿಯಲ್ಲಿ ಹಬೆಯ ಒತ್ತಡಕ್ಕೆ ಓಡುವ ಪಿಸ್ಟನ್, ವಿಮಾನವನ್ನು ಸುಮಾರು 90 ಮೀಟರಿನೊಳಗೆ ಎರಡು ಮೂರು ಸೆಕೆಂಡಿನಲ್ಲಿ ಹಾರುವ ವೇಗಕ್ಕೆ ಎಳೆದೊಯ್ಯುತ್ತದೆ. 1961ರಲ್ಲಿ ನೌಕಾಪಡೆ ಸೇರಿದ ಹಳೆಯ ವಿಕ್ರಾಂತ್‌ನಲ್ಲಿ ಇಂಥದ್ದಿತ್ತು. 2022ರಲ್ಲಿ ಸೇರಿದ, ಕೊಚ್ಚಿಯಲ್ಲಿ ಕಟ್ಟಿದ ವಿಕ್ರಾಂತ್‌ನಲ್ಲಿ ಇಲ್ಲ. ಅಲ್ಲಿ ವಿಮಾನ ಮೇಲಕ್ಕೆ ಬಾಗಿದ ಮೂತಿಯಿಂದ ಸ್ವಂತ ಬಲದಲ್ಲೇ ಏರುತ್ತದೆ.

ಇದೇ ಪದ ಕ್ರಿಯಾಪದವಾಗಿ ಬಂದಾಗ ಎಸೆತವನ್ನೇ ಮರೆತುಬಿಡಿ. ‘ಸಿನಿಮಾ ಆಕೆಯನ್ನು ಖ್ಯಾತಿಗೆ ಚಿಮ್ಮಿಸಿತು’ ಅನುವಾದದ ವಾಸನೆ ಹೊಡೆಯುತ್ತದೆ. ‘ಒಂದೇ ಸಿನಿಮಾಕ್ಕೆ ಮನೆಮಾತಾದಳು’ ಎಂದರೆ ಮುಗಿಯಿತು.

ಪ್ರಶ್ನೆ: ದೀಪಾವಳಿಗೆ ಗೂಡುದೀಪವನ್ನು ಮಾವಿನ ಮರದ ಎತ್ತರದ ಕೊಂಬೆಗೆ ಏರಿಸಬೇಕು. ಕ್ಯಾಟರ್‌ಬಿಲ್ಲಿನಿಂದ ಹಗ್ಗ ದಾಟಿಸಹೋದರೆ ರಬ್ಬರ್ ಕಟ್ಟಿನ ಬಳಿಯೇ ತುಂಡಾಗುತ್ತದೆ.
– ಓದುಗರು, ಮಂಗಳೂರು

ಉತ್ತರ: ಟ್ಯೂಬನ್ನು ಕತ್ತರಿಯಲ್ಲಿ ಕತ್ತರಿಸಿದ್ದೀರಿ ಅನಿಸುತ್ತದೆ. ಕತ್ತರಿ ನಿಂತು ಮುಂದೆ ಹೋದಲ್ಲೆಲ್ಲ ಅಂಚಿನಲ್ಲಿ ಸಣ್ಣ ಗೀರು ಬೀಳುತ್ತದೆ, ಹರಿಯುವುದು ಅಲ್ಲಿಂದಲೇ. ಹೊಸ ಬ್ಲೇಡು, ಸ್ಟೀಲ್ ಸ್ಕೇಲು ಇಟ್ಟು ಒಂದೇ ಎಳೆತಕ್ಕೆ ಒಂದೂವರೆ ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದದ ಎರಡು ಪಟ್ಟಿ ಮಾಡಿ. ತಂತಿಯಿಂದ ಕಟ್ಟಬೇಡಿ, ಅದು ರಬ್ಬರನ್ನು ಕೊಯ್ಯುತ್ತದೆ. ಅದೇ ಟ್ಯೂಬಿನ ಸಪೂರ ಪಟ್ಟಿಯನ್ನು ಬಿಗಿಯಾಗಿ ಎಳೆದು ಐದಾರು ಸುತ್ತು ಸುತ್ತಿ. ಪೇರಳೆಯ ಕವಲಾದರೆ ನೆರಳಲ್ಲೇ ಒಣಗಿಸಿ. ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ.

ಹಗ್ಗವನ್ನೇ ನೇರ ಎಸೆಯಲು ಹೋಗಬೇಡಿ. ಗಾಳ ಮಾರುವ ಅಂಗಡಿಯಲ್ಲಿ 25–30 ಗ್ರಾಂ ಈಯದ ಗುಂಡು, ತಂಗೂಸು (ಗಾಳದ ನೈಲಾನ್ ದಾರ) ಸಿಗುತ್ತದೆ. ಗುಂಡಿಗೆ ತಂಗೂಸು ಕಟ್ಟಿ, ಉಳಿದದ್ದನ್ನು ಅಗಲ ಬಕೆಟಿನಲ್ಲಿ ಸಡಿಲವಾಗಿ ಸುರುಳಿ ಬಿಡಿ. ಉಂಡೆಯಿಂದ ಬಿಚ್ಚಿಕೊಳ್ಳುತ್ತಾ ಹೋದರೆ ನಡುವೆ ಜಗ್ಗಿ, ಗುಂಡು ಮುಖಕ್ಕೇ ವಾಪಸಾಗುತ್ತದೆ. ತಂಗೂಸು ಕವಲಿನ ನಡುವೆ ಹಾಯದೆ ಹೊರಗಿನಿಂದ ಸಾಗಲಿ. ಕನ್ನಡಕ ಹಾಕಿಕೊಳ್ಳಿ. ಕೊಂಬೆಯ ಆಚೆ ಜನರಿರಬಾರದು. ವಿದ್ಯುತ್ ತಂತಿ ಇದ್ದರೆ ಆ ಮರವನ್ನೇ ಬಿಡಿ. ಗುಂಡು ಆಚೆ ಇಳಿದ ಮೇಲೆ ಅದನ್ನು ಬಿಚ್ಚಿ, ಆ ತುದಿಗೆ ಮೊದಲು ಹುರಿ, ಹುರಿಗೆ ಹಗ್ಗ ಕಟ್ಟಿ ಈಚೆಯಿಂದ ನಿಧಾನಕ್ಕೆ ಎಳೆಯಿರಿ.